ಕ್ರಿಸ್‌ಮಸ್ ರಾಕ್ (ಉತ್ತರ ಟೆಕ್ಸಾಸ್)

ಹಳೆಯ ಕ್ರಿಸ್‌ಮಸ್ ಗೀತೆಗಳನ್ನು ಎಲೆಕ್ಟ್ರಿಕ್ ಗಿಟಾರು, ಬೇಸ್, ಡ್ರಮ್ಮುಗಳ ಬಿರುಸಿನಲ್ಲಿ ಮತ್ತೆ ಹಾಡುವ ಪ್ರಕಾರ. ಅಮೆರಿಕದ ಡಲ್ಲಾಸ್ ಸೀಮೆಯಲ್ಲಿ ಇದಕ್ಕೆ ಎದ್ದು ಕಾಣುವ ಉದಾಹರಣೆ, ರೆವರೆಂಡ್ ಹಾರ್ಟನ್ ಹೀಟ್ ತಂಡದ ಆಲ್ಬಂ ‘ವಿ ತ್ರೀ ಕಿಂಗ್ಸ್’ (2005). ಹೀಗೆ ರಾಕ್ ಆದ ಗೀತೆಗಳಲ್ಲಿ ಕೆಲವಕ್ಕೆ ಇದೇ ಸೀಮೆ ತವರು.

ಮೂಲ ಗೀತೆಗಳು

ಡಲ್ಲಾಸ್‌ನ ಉತ್ತರಕ್ಕಿರುವ ಟಿಯೋಗ ಎಂಬ ಸಣ್ಣ ಊರಿನ ಬಳಿ 1907ರಲ್ಲಿ ಹುಟ್ಟಿದ ಜೀನ್ ಆಟ್ರಿ, ಕೌಬಾಯ್ ಸಿನಿಮಾಗಳ ಹಾಡುವ ನಾಯಕ. ‘ಹಿಯರ್ ಕಮ್ಸ್ ಸಾಂಟಾ ಕ್ಲಾಸ್’ (1947), ‘ಫ್ರಾಸ್ಟಿ ದ ಸ್ನೋಮ್ಯಾನ್’ (1950) ಗೀತೆಗಳನ್ನು ಮೊದಲು ಧ್ವನಿಮುದ್ರಿಸಿದ್ದು ಆಟ್ರಿಯೇ. ‘ಪ್ರೆಟಿ ಪೇಪರ್’ ಹುಟ್ಟಿದ್ದು ಬೀದಿಯಿಂದ. ಡಲ್ಲಾಸ್‌ನ ನೆರೆಯ ಫೋರ್ಟ್ ವರ್ತ್‌ನ ಲೆನರ್ಡ್ಸ್ ಮಳಿಗೆಯ ಮುಂದೆ, ನಡೆಯಲಾಗದ ವ್ಯಾಪಾರಿಯೊಬ್ಬ ನೆಲದ ಮೇಲೆ ತೆವಳುತ್ತ ಬಣ್ಣದ ಕಾಗದ, ರಿಬ್ಬನ್, ಪೆನ್ಸಿಲ್ ಮಾರುತ್ತಿದ್ದ. ಅವನ ನೆನಪಿನಲ್ಲಿ ವಿಲಿ ನೆಲ್ಸನ್ ಬರೆದ ಈ ಗೀತೆಯನ್ನು ಟೆಕ್ಸಾಸ್‌ನವರೇ ಆದ ರಾಯ್ ಆರ್ಬಿಸನ್ 1963ರಲ್ಲಿ ಹಾಡಿದರು.

ರಾಕ್‌ನ ಪ್ರವೇಶ

1957ರಲ್ಲಿ ಎಲ್ವಿಸ್ ಪ್ರೀಸ್ಲಿ ತನ್ನ ಕ್ರಿಸ್‌ಮಸ್ ಆಲ್ಬಂನಲ್ಲಿ ಆಟ್ರಿಯ ‘ಹಿಯರ್ ಕಮ್ಸ್ ಸಾಂಟಾ ಕ್ಲಾಸ್’ ಗೀತೆಯನ್ನೂ ಅರ್ವಿಂಗ್ ಬರ್ಲಿನ್‌ರ ‘ವೈಟ್ ಕ್ರಿಸ್‌ಮಸ್’ ಅನ್ನೂ ಹಾಡಿದ. ತಮ್ಮ ಗೀತೆಗೆ ಬಂದ ಗತಿ ಕಂಡು ಕೆರಳಿದ ಬರ್ಲಿನ್, ಅದನ್ನು ಬಿತ್ತರಿಸಬೇಡಿರೆಂದು ರೇಡಿಯೊ ಕೇಂದ್ರಗಳ ಬೆನ್ನುಹತ್ತಿದರು. ಮರುವರ್ಷ ಚಕ್ ಬೆರ್ರಿಯ ‘ರನ್ ರುಡಾಲ್ಫ್ ರನ್’ ಬಂತು.

  

ವಿ ತ್ರೀ ಕಿಂಗ್ಸ್

ಗಿಟಾರು ವಾದಕ ಜಿಮ್ ಹೀತ್ 1985ರಲ್ಲಿ ಡಲ್ಲಾಸ್‌ನಲ್ಲಿ ಕಟ್ಟಿದ ರೆವರೆಂಡ್ ಹಾರ್ಟನ್ ಹೀಟ್ ತಂಡದ್ದು, ರಾಕಬಿಲಿಗೆ ಪಂಕ್‌ನ ವೇಗ ಬೆರೆತ ಸೈಕೊಬಿಲಿ ಶೈಲಿ. ಜಿಂಬೊ ವ್ಯಾಲೇಸ್ ನುಡಿಸುವುದು ಆಳೆತ್ತರದ ಡಬಲ್ ಬೇಸ್. ಅದರ ತಂತಿಯನ್ನು ಎಳೆದು ಬಿಟ್ಟರೆ ಹಲಗೆಗೆ ಬಡಿದು ‘ಟಕ್’ ಎನ್ನುತ್ತದೆ. ಸ್ವರ ಹೊರಡುವಾಗಲೇ ತಾಳವೂ ಬೀಳುತ್ತದೆ. ಆಲ್ಬಂನ ಶೀರ್ಷಿಕೆ ಗೀತೆ ಪಾದ್ರಿ ಜಾನ್ ಹೆನ್ರಿ ಹಾಪ್ಕಿನ್ಸ್ 1857ರಲ್ಲಿ ರಚಿಸಿದ್ದು. ಮೂಲದಲ್ಲಿ ನಮ್ಮ ತಿಶ್ರ ನಡೆಯಂತೆ ಮೂರರ ಎಣಿಕೆಯಲ್ಲಿ ತೂಗುವ ಹಾಡು. ಆಲ್ಬಂ ತೆರೆಯುವುದು ‘ಫ್ರಾಸ್ಟಿ’ಯಿಂದ, ‘ಪ್ರೆಟಿ ಪೇಪರ್’ ಕೂಡ ಅದರಲ್ಲಿದೆ.

2012ರಲ್ಲಿ ಡಲ್ಲಾಸ್‌ನದೇ ‘ಪಾಲಿಫೋನಿಕ್ ಸ್ಪ್ರೀ’ ತನ್ನ ಹಬ್ಬದ ಆಲ್ಬಂ ‘ಹಾಲಿಡೇಡ್ರೀಮ್’ ಹೊರತಂದಿತು. ಹೀತ್‌ರದು ಮೂರು ವಾದ್ಯಗಳ ಅಬ್ಬರವಾದರೆ, ಇಲ್ಲಿ ನಿಲುವಂಗಿ ತೊಟ್ಟ ದೊಡ್ಡ ಮೇಳ ರಾಕ್ ಅನ್ನು ಮರಳಿ ವೃಂದಗಾನದ ಕಡೆಗೆ ಒಯ್ದಿದೆ.