ಟಾಮ್ ಸೇಯರ್ಸ್: ಬರಿಗೈಯ ಮುಷ್ಟಿಮಲ್ಲ

ಮುಷ್ಟಿಯುದ್ಧವೆಂದೊಡನೆ ಕೈಗವಸು ತೊಟ್ಟು, ಗೊತ್ತಾದ ನಿಮಿಷಗಳವರೆಗೆ ಸೆಣಸುವ ಸಮತೂಕದ ಇಬ್ಬರು ಪಟುಗಳು ನಮ್ಮ ಕಣ್ಣೆದುರಿಗೆ ನಿಲ್ಲುತ್ತಾರೆ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಇಂಗ್ಲೆಂಡಿನ ಪಣದ ಕಾಳಗಗಳ ರೀತಿಯೇ ಬೇರೆ. ಬರಿಗೈಯೇ ಅಲ್ಲಿ ಆಯುಧ. ಒಬ್ಬನು ನೆಲಕ್ಕುರುಳಿದರೆ ಒಂದು ಸುತ್ತು ಮುಗಿಯಿತು. ಮೂವತ್ತು ಸೆಕೆಂಡುಗಳ ವಿರಾಮದ ಬಳಿಕ ಮತ್ತೆ ನಡುಗೆರೆಗೆ ಬರಲಾರದವನು ಸೋತಂತೆಯೇ ಸರಿ. ಕಾನೂನು ಇದನ್ನು ಒಪ್ಪುತ್ತಿರಲಿಲ್ಲ. ಆದರೂ ಸಿರಿವಂತರು ಪಣವೊಡ್ಡುತ್ತಿದ್ದರು, ಬಡವರು ಹೊಡೆದಾಡುತ್ತಿದ್ದರು.

ಅಂಥ ಬಡವರಲ್ಲೊಬ್ಬನು ಟಾಮ್ ಸೇಯರ್ಸ್. 1826ರಲ್ಲಿ ಬ್ರೈಟನ್ ನಗರದಲ್ಲಿ ಹುಟ್ಟಿದ ಇವನು ಇಟ್ಟಿಗೆ ಕಟ್ಟುವ ಕೆಲಸದವನು. ಐದಡಿ ಎಂಟು ಅಂಗುಲ ಎತ್ತರದ, ಸುಮಾರು 150 ಪೌಂಡು ತೂಕದ ಈ ಮನುಷ್ಯನು 1849ರಿಂದ ಕಣಕ್ಕಿಳಿದು, ತನಗಿಂತ ದೊಡ್ಡವರನ್ನೇ ಎದುರಿಸುತ್ತ ಬಂದನು. ಸೋತದ್ದು ಒಮ್ಮೆ ಮಾತ್ರ, 1853ರಲ್ಲಿ ನ್ಯಾಟ್ ಲ್ಯಾಂಗಮ್‌ನಿಗೆ. 1857ರಲ್ಲಿ ಭಾರಿ ದೇಹದ ವಿಲಿಯಂ ಪೆರಿಯನ್ನು ಮಣಿಸಿ ಇಂಗ್ಲೆಂಡಿನ ವೀರಪಟ್ಟವನ್ನೇರಿದನು.

1860ನೆಯ ಏಪ್ರಿಲ್ 17ರಂದು ಫಾರ್ನ್‌ಬರೋ ಬಯಲಿನಲ್ಲಿ ಅಮೆರಿಕೆಯ ಜಾನ್ ಹೀನನ್‌ನೊಡನೆ ಅವನ ಕಾಳಗ ನಡೆಯಿತು. ಪಣ ತಲಾ 200 ಪೌಂಡು. ಹೀನನ್ ಆರಡಿಗೂ ಮಿಗಿಲಾದ ಆಳು. ತೂಕದಲ್ಲಿಯೂ ಸುಮಾರು 40 ಪೌಂಡು ಹೆಚ್ಚು. ಆರಂಭದಲ್ಲಿಯೇ ಸೇಯರ್ಸನ ಬಲಗೈ ಪೆಟ್ಟು ತಿಂದು ನಿರುಪಯುಕ್ತವಾಯಿತು. ಎಡಗೈಯೊಂದರಿಂದಲೇ ಅವನು ಎರಡು ಗಂಟೆಗಳಿಗೂ ಮಿಕ್ಕಿ ಕಾದಾಡಿದನು. ಹೀನನ್‌ನ ಕಣ್ಣುಗಳು ಊದಿ ಮುಚ್ಚುತ್ತ ಬಂದವು. ಕೊನೆಗೆ ಜನ ಕಣದೊಳಕ್ಕೆ ನುಗ್ಗಿತು, ಪೋಲೀಸರು ಬಂದರು, ಕಾಳಗ ಸಮಸಮವೆಂದಾಯಿತು. ಇಬ್ಬರಿಗೂ ಒಂದೊಂದು ಪಟ್ಟಿ ದೊರೆಯಿತು.

ಆ ಬಳಿಕ ಅಭಿಮಾನಿಗಳು ವಂತಿಗೆಯೆತ್ತಿ 3000 ಪೌಂಡು ಕೂಡಿಸಿದರು. ಇನ್ನು ಕಣಕ್ಕಿಳಿಯಕೂಡದೆಂಬ ಕರಾರಿನ ಮೇಲೆ ಅದರ ಬಡ್ಡಿ ಸೇಯರ್ಸನಿಗೆ ಸಲ್ಲತಕ್ಕದ್ದಾಗಿತ್ತು. ಅವನು ಮತ್ತೆ ಹೊಡೆದಾಡಲಿಲ್ಲ. ಬಹುಕಾಲ ಬಾಳಲೂ ಇಲ್ಲ. 1865ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ರೋಗದಿಂದ ತೀರಿಕೊಂಡನು. ಲಂಡನ್ನಿನ ಹೈಗೇಟ್ ಶ್ಮಶಾನದವರೆಗೆ ಸಹಸ್ರಾರು ಜನ ನೆರೆದಿದ್ದರು. ಶೋಕಯಾತ್ರೆಯಲ್ಲಿ ಅಗ್ರಸ್ಥಾನ ಅವನ ನಾಯಿ ಲಯನ್‌ಗೆ ಸಂದಿತು. ಕಲ್ಲಿನಲ್ಲಿ ಕಡೆದ ಆ ನಾಯಿ ಇಂದಿಗೂ ಅವನ ಸಮಾಧಿಯ ಮುಂದೆ ಮಲಗಿದೆ.

ಎರಡು ವರ್ಷಗಳ ತರುವಾಯ, 1867ರಲ್ಲಿ, ಕೈಗವಸನ್ನೂ ಮೂರು ನಿಮಿಷಗಳ ಸುತ್ತನ್ನೂ ವಿಧಿಸುವ ಕ್ವೀನ್ಸ್‌ಬರಿ ನಿಯಮಗಳು ಪ್ರಕಟವಾದವು. ಸೇಯರ್ಸನ ಧೈರ್ಯವನ್ನು ನಾವು ಮೆಚ್ಚಲೇಬೇಕು. ಆದರೆ ಒಬ್ಬನ ಮುರಿದ ಕೈಯನ್ನೂ ಇನ್ನೊಬ್ಬನ ಮುಚ್ಚಿದ ಕಣ್ಣುಗಳನ್ನೂ ಕಂಡು ಪಣ ಏರಿಸುತ್ತಿದ್ದವರಲ್ಲಿ ಮೆಚ್ಚತಕ್ಕ ಧೈರ್ಯವಾವುದೂ ನಮಗೆ ಕಾಣದು.