ವಿಹಾರ ನಿರ್ಮಾಣದಲ್ಲಿ ವಿನಯ ನಿಯಮ ಮತ್ತು ರಾಜನ್ಯಾಯ

ಧರ್ಮಸ್ಥಾನವೊಂದು ನೆಲೆಗೊಳ್ಳಲು ಕಲ್ಲು, ಮರ, ಧನ ಇವಿಷ್ಟೇ ಸಾಲವು. ಅದು ನಿಲ್ಲುವ ನೆಲವೂ ಅದಕ್ಕೆ ಒದಗುವ ಸಾಮಗ್ರಿಯೂ ನ್ಯಾಯವಾಗಿ ದೊರೆತವುಗಳಾಗಿರಬೇಕು. ಶ್ರಮಣ ಪರಂಪರೆಯ ಇನ್ನೊಂದು ಶಾಖೆಯಾದ ಬೌದ್ಧ ಸಂಘವು ಈ ಪ್ರಶ್ನೆಯನ್ನು ಹೇಗೆ ಎದುರಿಸಿತೆಂಬುದನ್ನು ಪಾಲಿ ವಿನಯ ಪಿಟಕವು ಹಲವು ಪ್ರಸಂಗಗಳ ಮೂಲಕ ನಿರೂಪಿಸುತ್ತದೆ. ಆ ಪ್ರಸಂಗಗಳು ಧರ್ಮಸ್ಥಾನ ನಿರ್ಮಿಸುವ ಸಕಲರಿಗೂ ವಿಚಾರಾರ್ಹವಾಗಿವೆ.

ಶ್ರಾವಸ್ತಿಯ ಶ್ರೇಷ್ಠಿ ಅನಾಥಪಿಂಡಿಕನು ಬುದ್ಧನಿಗೂ ಭಿಕ್ಷುಸಂಘಕ್ಕೂ ವಿಹಾರ ಕಟ್ಟಿಸಲು ರಾಜಕುಮಾರ ಜೇತನ ಉದ್ಯಾನವನ್ನು ಬಯಸಿದನು. ನೆಲದ ತುಂಬ ನಾಣ್ಯ ಹಾಸಿದರೂ ಕೊಡಲಾರೆನೆಂದು ಜೇತನು ನುಡಿದನು. ಬೆಲೆ ಹೇಳಿದ ಮೇಲೆ ಕ್ರಯ ಮುಗಿಯಿತೆಂದು ಶ್ರೇಷ್ಠಿಯೂ, ಇಲ್ಲವೆಂದು ರಾಜಕುಮಾರನೂ ವಾದಿಸಿ, ಕಡೆಗೆ ನ್ಯಾಯಾಧಿಕಾರಿಗಳಾದ ಮಹಾಮಾತ್ರರನ್ನು ಕೇಳಿದರು. ಬೆಲೆಯನ್ನು ನುಡಿದ ಕಾರಣ ಉದ್ಯಾನವು ಮಾರಾಟವಾದಂತೆಯೇ ಎಂದು ಅವರು ತೀರ್ಪಿತ್ತರು. ಮಾರುವವನು ರಾಜಕುಮಾರನೆಂದು ನ್ಯಾಯವು ಬಾಗಲಿಲ್ಲ. ಕೊಳ್ಳುವವನು ಪುಣ್ಯಕಾರ್ಯಕ್ಕೆ ಹೊರಟವನೆಂದು ಬೆಲೆಯಲ್ಲಿ ರಿಯಾಯಿತಿಯೂ ದೊರೆಯಲಿಲ್ಲ. ಶ್ರೇಷ್ಠಿಯು ಗಾಡಿಗಳಲ್ಲಿ ಹಣ ತರಿಸಿ ನೆಲಕ್ಕೆ ಹಾಸಿದನು. ಬಾಗಿಲ ಬಳಿ ಸ್ವಲ್ಪ ಜಾಗ ಉಳಿದಾಗ ಜೇತನು ಅದನ್ನು ತನ್ನ ದಾನವೆಂದು ಬೇಡಿಕೊಂಡು ಅಲ್ಲಿ ದ್ವಾರಮಂಟಪವನ್ನು ಕಟ್ಟಿಸಿದನು. ವ್ಯಾಜ್ಯದಲ್ಲಿ ಎದುರಾಳಿಯಾಗಿದ್ದವನೇ ದಾನಿಯಾದನು. ಈ ನಾಣ್ಯ ಹಾಸುವ ದೃಶ್ಯವು ಭರ್ಹುತ್ ಸ್ತೂಪದ ಶಿಲ್ಪದಲ್ಲಿ ಇಂದಿಗೂ ಕಾಣಸಿಗುತ್ತದೆ.

ಶ್ರೇಷ್ಠಿಯು ವಿಹಾರವನ್ನು ಯಾವೊಬ್ಬ ಭಿಕ್ಷುವಿಗೂ ಕೊಡದೆ, ನಾಲ್ಕು ದಿಕ್ಕುಗಳಿಂದ ಬಂದ ಮತ್ತು ಮುಂದೆ ಬರಲಿರುವ ಸಮಸ್ತ ಸಂಘಕ್ಕೆ ಅರ್ಪಿಸಿದನು. ಸಂಘದ ಆರಾಮವನ್ನಾಗಲಿ, ವಿಹಾರವನ್ನಾಗಲಿ, ಅವುಗಳ ನೆಲವನ್ನಾಗಲಿ ಯಾರೂ ಪರಭಾರೆ ಮಾಡಕೂಡದು, ಪಾಲು ಮಾಡಿಕೊಳ್ಳಕೂಡದು. ಸಂಘವೇ ಸೇರಿ ಮಾಡಿದರೂ ಅದು ಅಸಿಂಧುವೆಂದು ವಿನಯವು ವಿಧಿಸಿತು.

ಸಾಮಗ್ರಿಯ ವಿಷಯದಲ್ಲಿ ರಾಜಗೃಹದ ಧನಿಯನ ಪ್ರಸಂಗವು ಇನ್ನೂ ಗಂಭೀರವಾದುದು. ಕುಂಬಾರ ಕುಲದ ಈ ಭಿಕ್ಷುವು ಮೊದಲು ಮಣ್ಣಿನ ಕುಟಿಯನ್ನು ಮಾಡಿ ಬೆಂಕಿಯಲ್ಲಿ ಸುಟ್ಟು ಗಟ್ಟಿಗೊಳಿಸಿದನು. ಸಣ್ಣ ಜೀವಿಗಳ ಹಿಂಸೆಯನ್ನು ಕಂಡು ಬುದ್ಧನು ಅದನ್ನು ಒಡೆಸಿಹಾಕಿದನು. ಬಳಿಕ ಧನಿಯನು ನಗರದ ದುರಸ್ತಿಗಾಗಿ ಕಾದಿರಿಸಿದ್ದ ಅರಸನ ಮರವನ್ನು, ಅರಸನೇ ಕೊಟ್ಟಿರುವನೆಂದು ಕಾವಲಿನವನಿಗೆ ಹೇಳಿ ಸಾಗಿಸಿದನು. ಕಾವಲಿನವನು ಬಂಧನಕ್ಕೊಳಗಾದನು. ಶ್ರಮಣ ಬ್ರಾಹ್ಮಣರಿಗೆ ಹುಲ್ಲು, ಕಟ್ಟಿಗೆ, ನೀರು ಕೊಟ್ಟಿದೆಯೆಂದು ಪಟ್ಟಾಭಿಷೇಕದಂದು ಸಾರಿದ್ದಿರಲ್ಲವೇ ಎಂದು ಧನಿಯನು ಬಿಂಬಿಸಾರನಿಗೆ ನೆನಪಿಸಿದನು. ಆ ಮಾತು ಅರಣ್ಯದಲ್ಲಿ ಒಡೆಯನಿಲ್ಲದೆ ಇರುವ ವಸ್ತುವಿಗೆ ಮಾತ್ರ ಸಲ್ಲುತ್ತದೆಂದು ಅರಸನು ವಿವರಿಸಿ, ಸನ್ಯಾಸಿಯೆಂಬ ಕಾರಣದಿಂದ ಎಚ್ಚರಿಕೆ ಕೊಟ್ಟು ಬಿಟ್ಟನು.

ಅರಸನು ಬಿಟ್ಟನೆಂದು ಬುದ್ಧನು ಬಿಡಲಿಲ್ಲ. ಹಿಂದೆ ನ್ಯಾಯಾಧಿಕಾರಿಯಾಗಿದ್ದ ಒಬ್ಬ ಭಿಕ್ಷುವನ್ನು ಕರೆದು, ಎಷ್ಟು ಬೆಲೆಯ ಕಳವಿಗೆ ಅರಸನು ಕಳ್ಳನನ್ನು ಬಂಧಿಸುವನು, ಗಡೀಪಾರು ಮಾಡುವನು ಎಂದು ವಿಚಾರಿಸಿದನು. ಒಂದು ಪಾದ, ಅಂದರೆ ಅಂದಿನ ರಾಜಗೃಹದಲ್ಲಿ 5 ಮಾಷಕ, ಎಂಬ ಉತ್ತರ ಬಂದಿತು. ಆ ಅಳತೆಯನ್ನೇ ಅಂಗೀಕರಿಸಿ, ಅಷ್ಟು ಬೆಲೆಯ ವಸ್ತುವನ್ನು ಕೊಡದೆ ತೆಗೆದುಕೊಂಡ ಭಿಕ್ಷುವು ಸಂಘದಿಂದ ಶಾಶ್ವತವಾಗಿ ಹೊರಗಾಗತಕ್ಕದ್ದೆಂದು ನಿಯಮಿಸಲಾಯಿತು. ರಾಜನ್ಯಾಯವು ಅಳತೆಯನ್ನು ಒದಗಿಸಿತು. ಧರ್ಮವು ಅದನ್ನು ರಿಯಾಯಿತಿಯಿಲ್ಲದೆ ತನಗೇ ಅನ್ವಯಿಸಿಕೊಂಡಿತು.

ನೆರೆಹೊರೆಯವರ ಮನಸ್ಸಿಗೂ ಇಲ್ಲಿ ಸ್ಥಾನವಿತ್ತು. ಕೌಶಾಂಬಿಯಲ್ಲಿ ಛನ್ನನೆಂಬ ಭಿಕ್ಷುವು ವಿಹಾರದ ಜಾಗಕ್ಕಾಗಿ ಜನರು ಪೂಜಿಸುತ್ತಿದ್ದ ಮರವನ್ನು ಕಡಿಸಿದಾಗ ಊರವರು ಆಕ್ಷೇಪಿಸಿದರು. ಕಟ್ಟುವ ಮುನ್ನ ಇತರ ಭಿಕ್ಷುಗಳನ್ನು ಕರೆತಂದು ಸ್ಥಳವನ್ನು ತೋರಿಸಬೇಕೆಂಬ ವಿಧಿಯು ಬಂದಿತು. ಸ್ಥಳವು ಜೀವಿಗಳಿಗೆ ಬಾಧಕವಾಗಿರಬಾರದು. ಎತ್ತು ಹೂಡಿದ ಗಾಡಿ ಸುತ್ತುಬರುವಷ್ಟು ತೆರಪು ಇರಬೇಕು. ದಾನಿಯಿಲ್ಲದೆ ತನಗಾಗಿ ಕಟ್ಟಿಕೊಳ್ಳುವ ಕುಟಿಯಾದರೆ 12 ಗೇಣು ಉದ್ದ, 7 ಗೇಣು ಅಗಲವನ್ನು ಮೀರಕೂಡದು. ಆ ಗೇಣಿನ ಅಳತೆಯು ಬುದ್ಧನ ಗೇಣು.

ಮುಂದಿನ ಕಾಲದ ದಾನಿಗಳೂ ಈ ಎಚ್ಚರವನ್ನು ಬಿಡಲಿಲ್ಲ. ಕ್ಷತ್ರಪ ನಹಪಾನನ ಅಳಿಯ ಉಷವದಾತನು ನಾಸಿಕದ ಗುಹಾವಿಹಾರದ ಭಿಕ್ಷುಗಳಿಗಾಗಿ ಬ್ರಾಹ್ಮಣನೊಬ್ಬನಿಂದ ಹೊಲವನ್ನು 4000 ಕಾರ್ಷಾಪಣಕ್ಕೆ ಕೊಂಡೇ ದಾನವಿತ್ತನು. ಮತ್ತೆ 3000 ಕಾರ್ಷಾಪಣಗಳ ಪೈಕಿ 2000ವನ್ನು ಒಂದು ನೇಕಾರ ಶ್ರೇಣಿಯಲ್ಲಿ ತಿಂಗಳಿಗೆ ನೂರಕ್ಕೆ 1ರ ಬಡ್ಡಿಗೂ, 1000ವನ್ನು ಇನ್ನೊಂದರಲ್ಲಿ ಮುಕ್ಕಾಲರ ಬಡ್ಡಿಗೂ ಇಟ್ಟನು. ಅಸಲು ಮುಟ್ಟದೆ ಬಡ್ಡಿ ಮಾತ್ರ ವಿನಿಯೋಗವಾಗಬೇಕೆಂಬುದು ಕರಾರು. ಇದೆಲ್ಲವನ್ನೂ ನಿಗಮಸಭೆಯಲ್ಲಿ ಸಾರಿ, ಪದ್ಧತಿಯಂತೆ ಫಲಕದಲ್ಲಿ ಬರೆಯಿಸಿದುದಾಗಿ ಶಾಸನವು ಹೇಳುತ್ತದೆ. ಕನ್ನಡ ನಾಡಿನ ಡಂಬಳದಲ್ಲಿಯೂ 16 ಮಂದಿ ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರದ ದತ್ತಿಯನ್ನು 1095ರ ಶಾಸನವು ದಾಖಲಿಸಿದೆ.

ದಾನಿಯ ಭಕ್ತಿ ಎಷ್ಟೇ ದೊಡ್ಡದಾಗಿರಲಿ, ಅದು ಕ್ರಯದ ಬೆಲೆಯನ್ನೂ ಪರರ ಹಕ್ಕನ್ನೂ ತೀರಿಸಲಾರದು. ಅವೆರಡನ್ನೂ ಸಲ್ಲಿಸಿದ ಬಳಿಕ ಇಟ್ಟ ಅಡಿಗಲ್ಲೇ ನಿಜವಾದ ಅಡಿಗಲ್ಲು.