ಲೆಕ್ಕಕ್ಕೆ ಸಿಗದ ಸಂಕಟ

ಗಣಿತ ಕಲಿಸುವುದರಲ್ಲಿಯೇ ನನ್ನ ಆಯುಷ್ಯದ ಬಹುಭಾಗ ಕಳೆಯಿತೆಂಬುದು ನಿಮಗೆಲ್ಲ ತಿಳಿದದ್ದೇ. ಆದರೂ ಒಂದು ಲೆಕ್ಕದಲ್ಲಿ ನಾನು ಸೋತೆ. ನನ್ನ ಶಿಷ್ಯನೊಬ್ಬ ತೀವ್ರ ಖಿನ್ನತೆಯಿಂದ ನರಳುತ್ತಿದ್ದ. ಆಸ್ಪತ್ರೆಯಿಂದ ಮನೆಗೆ ಮರಳಿದವನನ್ನು ನೋಡಲು ಹೋಗಿ ಊಟ, ನಿದ್ರೆ, ಓದು ಎಲ್ಲವನ್ನೂ ವಿಚಾರಿಸಿದೆ. ಸಾಯಬೇಕೆನ್ನಿಸುತ್ತದೆಯೇ ಎಂದು ಮಾತ್ರ ಕೇಳಲಿಲ್ಲ. ಇಲ್ಲದ ಯೋಚನೆಯನ್ನು ನಾನೇ ತಲೆಗೆ ತುಂಬಿದಂತಾದೀತೆಂಬ ಭಯ. ಎರಡು ತಿಂಗಳಲ್ಲಿ ಅವನು ತನ್ನ ಜೀವವನ್ನು ತಾನೇ ಕಳೆದುಕೊಂಡ. ಮೊದಲೇ ತಿಳಿಯಬಹುದಿತ್ತೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಇದೇ ಪ್ರಶ್ನೆಯನ್ನು ಅಮೆರಿಕದ ಹ್ಯೂಸ್ಟನ್ ನಗರದ ಮನೋವೈದ್ಯ ಅಲೆಕ್ಸ್ ಪೊಕೋರ್ನಿ ಅವರು ಲೆಕ್ಕ ಹಾಕಿಯೇ ಬಿಡಿಸಲೆತ್ನಿಸಿದರು. ಮಾಜಿ ಸೈನಿಕರ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ದಾಖಲಾದ 4,800 ಮಂದಿಯನ್ನು ಹಲವು ಅಳತೆಗೋಲುಗಳಿಂದ ಪರೀಕ್ಷಿಸಿ, ಸುಮಾರು ಐದು ವರ್ಷ ಗಮನಿಸಿದರು. ಅವರಲ್ಲಿ 67 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಫಲಿತಾಂಶ 1983ರಲ್ಲಿ ಪ್ರಕಟವಾಯಿತು. ಸೂತ್ರವು ಆ 67ರಲ್ಲಿ 35 ಮಂದಿಯನ್ನು ಗುರುತಿಸಿತ್ತು. ಜೊತೆಗೆ, ಹಾಗೆ ಸಾಯದ 1,206 ಮಂದಿಯನ್ನೂ ಅಪಾಯದ ಪಟ್ಟಿಗೆ ಸೇರಿಸಿತ್ತು. ಭಾಗಿಸಿ ನೋಡಿ: ನೂರು ಎಚ್ಚರಿಕೆಗಳಲ್ಲಿ ನಿಜವಾದವು ಮೂರಕ್ಕೂ ಕಡಿಮೆ. ಉಳಿದ 32 ಮಂದಿ ಪಟ್ಟಿಯಲ್ಲಿ ಇರಲೇ ಇಲ್ಲ. ತೀವ್ರ ಖಿನ್ನತೆ, ಉನ್ಮಾದಗಳಿಂದ ನರಳುವವರಲ್ಲಿ ಅಪಾಯ ಹೆಚ್ಚೆಂಬುದು ಸ್ಪಷ್ಟವಾಗಿತ್ತು. ಆದರೆ ಅವರಲ್ಲಿ ಯಾರು, ಯಾವಾಗ ಎಂಬುದನ್ನು ಸೂತ್ರ ಹೇಳದಾಯಿತು. ಅಪರೂಪದ ಘಟನೆಯನ್ನು ಮುನ್ನುಡಿಯಹೊರಟ ಯಾವ ಲೆಕ್ಕಕ್ಕೂ ಇದೇ ತೊಡಕು.

ಸ್ಯಾನ್ ಫ್ರಾನ್ಸಿಸ್ಕೋದ ಜೆರೋಮ್ ಮೊಟ್ಟೊ ಅವರದು ಬೇರೆ ದಾರಿ. ಖಿನ್ನತೆಯಿಂದಲೋ ಸಾಯುವ ಯೋಚನೆಯಿಂದಲೋ ಆಸ್ಪತ್ರೆ ಸೇರಿ, ಬಿಡುಗಡೆಯ ನಂತರ ಚಿಕಿತ್ಸೆ ಮುಂದುವರಿಸದ 843 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ಐದು ವರ್ಷ ಕಾಲ ಚಿಕ್ಕ ಪತ್ರಗಳು ಹೋದವು. ಹೇಗಿದ್ದೀರಿ ಎಂಬ ವಿಚಾರಣೆಯಷ್ಟೇ, ಉತ್ತರದ ಒತ್ತಾಯವಿಲ್ಲ. ಮೊದಲ ಎರಡು ವರ್ಷ ಆ ಗುಂಪಿನಲ್ಲಿ ಆತ್ಮಹತ್ಯೆಗಳು ಗಮನಾರ್ಹವಾಗಿ ಕಡಿಮೆಯಿದ್ದುವೆಂದು 2001ರ ಅವರ ವರದಿ ತಿಳಿಸಿತು. ಅನಂತರದ ಎಲ್ಲ ಪ್ರಯೋಗಗಳಲ್ಲೂ ಇಷ್ಟು ಫಲ ಕಾಣಲಿಲ್ಲವೆಂಬುದನ್ನೂ ಹೇಳಬೇಕು.

ಆಸ್ಪತ್ರೆಯಿಂದ ಮರಳಿದ ಮೊದಲ ವಾರಗಳೇ ಹೆಚ್ಚು ಅಪಾಯದವು. ನೇರವಾಗಿ ಕೇಳುವುದರಿಂದ ಸಾಯುವ ಯೋಚನೆ ಹುಟ್ಟುವುದಿಲ್ಲ. ಈ ಎರಡೂ ನನಗೆ ಬಹಳ ತಡವಾಗಿ ತಿಳಿದವು. ನಿಮಗಾದರೂ ಬೇಗ ತಿಳಿಯಲೆಂದು ಬರೆದಿದ್ದೇನೆ. ನಿಮ್ಮವರಾರಾದರೂ ಬಳಲುತ್ತಿದ್ದರೆ ಸಮಾಧಾನದಿಂದ ಕೇಳಿ, ಹೌದೆಂದರೆ ಒಬ್ಬರೇ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರಿಂದ ಟೆಲಿ ಮಾನಸ್ ಸಹಾಯವಾಣಿಯಿದೆ; ಸಂಖ್ಯೆ 14416. ಆಮೇಲೆಯೂ ವಿಚಾರಿಸುತ್ತಲೇ ಇರಿ. ನಾನಂತೂ ಈಗ ವಾರಕ್ಕೊಂದು ಪತ್ರ ಬರೆಯುತ್ತೇನೆ.